ಕಲ್ಲು ಕುಟ್ಟೋಕೆ ಡಾಕ್ಟರೇಟ್ ಯಾಕೆ, ಅದಕ್ಕೆ ದುಡ್ಡು ಯಾರು ಕೊಡ್ತಾರೆ?

ಪ್ರಶ್ನೆ: ನಾನು ಗದಗ ಜಿಲ್ಲೆ ಮುಂಡರಗಿ ತಾಲೂಕಿನವಳು. ಧಾರವಾಡದಲ್ಲಿ ಎಂ.ಎಸ್ಸಿ. ಜಿಯಾಲಜಿ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಖನಿಜ ಸಂಸ್ಕರಣೆಯಲ್ಲಿ, ಅಂದರೆ ಮಿನರಲ್ ಪ್ರೊಸೆಸಿಂಗ್‌ನಲ್ಲಿ, ಫೆಲೋಶಿಪ್ ಸಮೇತ ಪಿಎಚ್‌ಡಿ ಮಾಡಬಹುದು ಎಂದು ಸೀನಿಯರ್ ಒಬ್ಬರು ಹೇಳಿದರು. ನಾನು ಎಂಜಿನಿಯರಿಂಗ್ ಓದಿಲ್ಲ. ನನಗೂ ಸಿಗುತ್ತದಾ? ಮನೆಯಿಂದ ದುಡ್ಡು ಕೇಳುವ ಹಾಗಿಲ್ಲ. ಹುಬ್ಬಳ್ಳಿಯಲ್ಲಿ ಏಜೆಂಟ್ ಒಬ್ಬರು ಆಸ್ಟ್ರೇಲಿಯಾದಲ್ಲಿ ಫುಲ್ ಫಂಡಿಂಗ್ ಸೀಟು ಕೊಡಿಸುತ್ತೇನೆ, 60 ಸಾವಿರ ಕಟ್ಟಿ ಎನ್ನುತ್ತಿದ್ದಾರೆ. ನಮ್ಮಪ್ಪ ಮಾತ್ರ ‘ಕಲ್ಲು ಕುಟ್ಟಾಕ ಡಾಕ್ಟರ್ ಯಾಕ ಆಗಬೇಕವಾ?’ ಅಂತಾರೆ. ಇನ್ನೊಂದು ಅಳುಕು. ಗಣಿಗಾರಿಕೆಯಿಂದ ಕಪ್ಪತಗುಡ್ಡ ಉಳಿಸಿ ಅಂತ ಬೀದಿಗೆ ಇಳಿದ ಊರು ನಮ್ಮದು. ನಾನು ಈ ಕಡೆ ಹೋಗುವುದು ಸರಿಯಾ?

ಉತ್ತರ: ಮೊದಲು ಏಜೆಂಟ್ ವಿಷಯ ಮುಗಿಸಿಬಿಡೋಣ. 60 ಸಾವಿರ ಕಟ್ಟಬೇಡಿ. ಆರು ಸಾವಿರವೂ ಬೇಡ. ಫೆಲೋಶಿಪ್ ಇರುವ ಪಿಎಚ್‌ಡಿ ಅಂದರೆ ಅವರು ನಿಮಗೆ ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಳ್ಳುವುದು. ನಿಮ್ಮ ಕೈಯಿಂದ ಹೋಗುವುದು ಅರ್ಜಿ ಶುಲ್ಕ, ಪರೀಕ್ಷೆ ಶುಲ್ಕ, ಹೊರದೇಶವಾದರೆ ವೀಸಾ, ಟಿಕೆಟ್, ಅಷ್ಟೇ. ಅವೂ ಆಯಾ ಸಂಸ್ಥೆಯ ಖಾತೆಗೇ ಹೋಗಬೇಕು. ಸೀಟು ಏಜೆಂಟ್ ಕೈಯಲ್ಲಿ ಇರುವುದಿಲ್ಲ. ಒಬ್ಬ ಗೈಡ್ ‘ಈ ಹುಡುಗಿ ನನ್ನ ಲ್ಯಾಬಿಗೆ ಬೇಕು’ ಅಂದರೆ ಮಾತ್ರ ಅದು ಹುಟ್ಟುತ್ತದೆ. ಆ ಗೈಡ್‌ಗೆ ನೀವೇ ಇಮೇಲ್ ಬರೆಯಬಹುದು, ಖರ್ಚಿಲ್ಲ. ಹೇಗೆ ಬರೆಯಬೇಕು ಅಂತ ಕೊನೆಗೆ ಹೇಳ್ತೀನಿ.

ನಿಮ್ಮ ತಂದೆಯವರ ಪ್ರಶ್ನೆ ನನಗೆ ಬಹಳ ಹಿಡಿಸಿತು. ಇಂಟರ್‌ವ್ಯೂನಲ್ಲಿ ಪ್ರೊಫೆಸರ್‌ಗಳು ಕೇಳುವುದೂ ಇದನ್ನೇ. ಇಂಗ್ಲಿಷ್‌ನಲ್ಲಿ ಕೇಳ್ತಾರೆ, ಅಷ್ಟೇ ವ್ಯತ್ಯಾಸ.

ನಿಮ್ಮ ಕಡೆ ಶೇಂಗಾ ಬೆಳೀತಾರಲ್ವಾ? ಸುಲಿಯುವ ಮಿಷನ್ನು ನೆನಪಿಸಿಕೊಳ್ಳಿ. ಸಂದು ಬಿಗಿ ಮಾಡಿದರೆ ಕಾಳು ಒಡೆದು ಬೇಳೆಯಾಗುತ್ತದೆ, ಪುಡಿ ಜಾಸ್ತಿ ಬೀಳುತ್ತದೆ. ಸಡಿಲ ಬಿಟ್ಟರೆ ಕಾಯಿ ಸುಲಿಯದೆ ಹಾಗೇ ಹೊರಗೆ ಬರುತ್ತದೆ. ಸರಿಯಾದ ಸಂದು ಹುಡುಕಿ, ಆಮೇಲೆ ತೂರಬೇಕು. ಹೊಟ್ಟು ಹಾರಬೇಕು, ಕಾಳು ಉಳಿಯಬೇಕು. ಅದಿರಿನ ಕಥೆಯೂ ಇದೇ. ಒಡೆದು ಬಿಡಿಸುವುದು ಒಂದು ಕೆಲಸ, ಬಿಡಿಸಿದ್ದನ್ನು ಬೇರೆ ಮಾಡುವುದು ಇನ್ನೊಂದು. ಆದರೆ ಇಲ್ಲಿ ಕಾಳು ಎಷ್ಟೋ ಸಲ ಕೂದಲೆಳೆಗಿಂತ ಸಣ್ಣದು, ಹೊಟ್ಟು ಕಾಳಿನಷ್ಟೇ ಗಟ್ಟಿ. ತೂರೋದಕ್ಕೆ ಗಾಳಿ ಸಾಲದು. ನೀರು, ಅಯಸ್ಕಾಂತ, ಸೋಪಿನಂಥ ರಾಸಾಯನಿಕ, ನೊರೆ, ಎಲ್ಲವೂ ಬೇಕು.

ಲೆಕ್ಕದಲ್ಲಿ ತೋರಿಸ್ತೀನಿ. 100 ಟನ್ ಅದಿರು, ಅದರಲ್ಲಿ ಕಬ್ಬಿಣ 50% ಇದೆ ಅನ್ನಿ. ಪ್ಲಾಂಟಿಗೆ ಹಾಕಿದಿರಿ. ಒಂದು ಕಡೆ 63% ಇರುವ ಒಳ್ಳೆಯ ಮಾಲು ಬಂತು, ಇನ್ನೊಂದು ಕಡೆ 32% ಇರುವ ಹೂಳು ಹೋಯಿತು. ಎರಡೂ ಸೇರಿ 50 ಟನ್ ಕಬ್ಬಿಣ ಆಗಲೇಬೇಕಲ್ವಾ? ಕೂಡಿ ಕಳೆದರೆ ಮಾಲು ಸುಮಾರು 58 ಟನ್, ಹೂಳು 42 ಟನ್. ಆ ಹೂಳಿನೊಳಗೆ 13 ಟನ್‌ಗಿಂತ ಜಾಸ್ತಿ ಕಬ್ಬಿಣ ಕೂತಿದೆ. ಅದು ಹೊಂಡಕ್ಕೆ ಹೋಯಿತು. ಆ 13 ಟನ್‌ನಲ್ಲಿ ನಾಲ್ಕು ಟನ್ನಾದರೂ ಹೊರಗೆ ತೆಗೆಯುವುದು ಹೇಗೆ, ಅದೂ ಕಡಿಮೆ ನೀರು ಕಡಿಮೆ ಕರೆಂಟಿನಲ್ಲಿ? ಇದು ಒಂದು ಪಿಎಚ್‌ಡಿ. ನಾಲ್ಕೈದು ವರ್ಷ ಬೇಕು. ನಿಮ್ಮಪ್ಪನಿಗೆ ಹೀಗೇ ಹೇಳಿ. ರಾಶಿ ಮಾಡುವಾಗ ನಾಲ್ಕು ಚೀಲಕ್ಕೆ ಒಂದು ಚೀಲ ಹೊಟ್ಟಿನ ಜೊತೆ ಹಾರಿಹೋದರೆ ರೈತ ಸುಮ್ನೆ ಇರ್ತಾನಾ?

ನಮ್ಮ ಪಕ್ಕದ ಸಂಡೂರು, ಹೊಸಪೇಟೆ ಅದಿರಿನಲ್ಲಿ ಇದು ದಿನನಿತ್ಯದ ತಲೆನೋವು. ಅಲ್ಲಿನ ಹೆಮಟೈಟ್ ಎಂಬ ಕಬ್ಬಿಣದ ಖನಿಜದ ಜೊತೆ ಕಯೋಲಿನೈಟ್‌ನಂಥ ಜೇಡಿ ಖನಿಜ, ಗಿಬ್ಸೈಟ್ ಎಲ್ಲ ಅಂಟಿಕೊಂಡಿರುತ್ತವೆ. ಅವುಗಳಿಂದ ಬರುವ ಅಲ್ಯುಮಿನಾ ಕಬ್ಬಿಣ ಕರಗಿಸುವ ಬ್ಲಾಸ್ಟ್ ಫರ್ನೇಸ್‌ಗೆ ಆಗಿಬರುವುದಿಲ್ಲ. ಕಿಟ್ಟ ಮಂದವಾಗಿ, ಅಂಟಂಟಾಗಿ, ಹರಿಯುವುದೇ ಇಲ್ಲ. ತೊಳೆದರೆ ಜೇಡಿ ಹೋಗುತ್ತದೆ, ನಿಜ. ಆದರೆ 20 ಮೈಕ್ರಾನ್‌ಗಿಂತ ಸಣ್ಣ ಕಬ್ಬಿಣದ ಕಣವೂ ಜೇಡಿಯ ಜೊತೆಗೇ ಹೋಗುತ್ತದೆ. ಅಷ್ಟು ಸಣ್ಣದಾದ ಮೇಲೆ ನೀರಿಗೆ ಭಾರ ಯಾವುದು ಹಗುರ ಯಾವುದು ಗೊತ್ತಾಗುವುದಿಲ್ಲ, ಎರಡನ್ನೂ ಎಳೆದುಕೊಂಡು ಹೋಗುತ್ತದೆ. ನೊರೆಯಲ್ಲಿ ತೇಲಿಸೋಣ (ಇದೇ ಫ್ಲೋಟೇಶನ್) ಅಂದರೆ ಆ ಕಣ ಗುಳ್ಳೆಗೆ ತಾಗುವುದೇ ಇಲ್ಲ, ಪಕ್ಕದಿಂದ ಜಾರಿಹೋಗುತ್ತದೆ. ಇದರ ಮೇಲೆ ಕಾನೂನಿನ ಒತ್ತಾಯವೂ ಇದೆ. ಇಂಡಿಯನ್ ಬ್ಯೂರೋ ಆಫ್ ಮೈನ್ಸ್ 2009ರಲ್ಲಿ ಹೆಮಟೈಟ್‌ಗೆ 45% ಎಂಬ ಮಿತಿ ಇಟ್ಟಿತು. ಅದಕ್ಕಿಂತ ಮೇಲಿರುವುದನ್ನು ಕಸ ಅಂತ ಎಸೆಯುವ ಹಾಗಿಲ್ಲ. ಹಾಗಾಗಿ ಕೀಳು ಅದಿರನ್ನು ಏನು ಮಾಡೋದು ಎಂಬ ಪ್ರಶ್ನೆಗೆ ದುಡ್ಡು ಕೊಡುವವರು ಇದ್ದಾರೆ.

ಈಗ ಕಪ್ಪತಗುಡ್ಡ. ನಿಮ್ಮ ಅಳುಕು ಸಣ್ಣದಲ್ಲ, ತಳ್ಳಿಹಾಕಲಾರೆ. 2019ರಿಂದ ಅದು ವನ್ಯಜೀವಿ ಧಾಮ, ಹಾಗೇ ಇರಲಿ. ಆದರೆ ಗಣಿಗಾರಿಕೆ ಬೇರೆ, ಸಂಸ್ಕರಣೆ ಬೇರೆ. ಇನ್ನೂ ಹೇಳಬೇಕೆಂದರೆ ನಿಮ್ಮ ಗುಡ್ಡದ ಕೆಳಗೇ ಈ ವಿದ್ಯೆ ಹಳೆಯದು. ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರಳು ಜಾಲಿಸಿ ಚಿನ್ನದ ಪುಡಿ ತೆಗೆಯುತ್ತಿದ್ದ ಜಾಲಗಾರರು ಮಾಡುತ್ತಿದ್ದದ್ದು ಶುದ್ಧ ಖನಿಜ ಸಂಸ್ಕರಣೆ. ಗುಡ್ಡ ಅಗೆಯಲಿಲ್ಲ, ಹಳ್ಳ ತಂದದ್ದನ್ನು ಬೇರೆ ಮಾಡಿದರು. ಇವತ್ತು ಈ ಕ್ಷೇತ್ರದ ಎಷ್ಟೋ ಒಳ್ಳೆಯ ಕೆಲಸ ಹಳೆಯ ರಾಶಿಗಳ ಮೇಲೇ ನಡೆಯುತ್ತದೆ. ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿನ ಸಯನೈಡ್ ದಿಬ್ಬಗಳು ಇನ್ನೂ ನಿಂತಿವೆ, ಗಾಳಿ ಬೀಸಿದರೆ ಊರಿನ ಮೇಲೆ ಧೂಳು. ಕುದುರೆಮುಖದಲ್ಲಿ ಗಣಿ ಕೆಲಸ 2005ರ ಕೊನೆಗೆ ನಿಂತಿತು, ಲಕ್ಯಾ ಅಣೆಕಟ್ಟಿನ ಹಿಂದೆ ಅದರ ಹೂಳು ಹಾಗೇ ಇದೆ. ಹಳೆಯ ಹೂಳು, ಫ್ಯಾಕ್ಟರಿ ಕಿಟ್ಟ, ಸತ್ತ ಬ್ಯಾಟರಿ, ಇವೆಲ್ಲ ಈಗ ಸಂಸ್ಕರಣೆಯ ಕಚ್ಚಾ ಮಾಲು. ಯಾವುದರ ಮೇಲೆ ಕೆಲಸ ಮಾಡಬೇಕು ಎಂಬುದನ್ನು ನೀವೇ ಆರಿಸಬಹುದು. ಆದರೆ ಆ ಆಯ್ಕೆ ಎಷ್ಟು ನಿಮ್ಮ ಕೈಯಲ್ಲಿ ಉಳಿಯುತ್ತದೆ ಎಂಬುದು ದುಡ್ಡು ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ನಿಂತಿದೆ. ‘ಫಂಡಿಂಗ್ ಇದೆ’ ಎಂಬ ಮಾತನ್ನು ಅಷ್ಟಕ್ಕೇ ನಂಬಬೇಡಿ. ‘ಯಾರ ದುಡ್ಡು, ಎಷ್ಟು ವರ್ಷ?’ ಅಂತ ಕೇಳಿ.

ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಒಳ್ಳೆಯ ದುಡ್ಡು ನಿಮ್ಮ ಹೆಸರಿನಲ್ಲೇ ಬರುವ ದುಡ್ಡು. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಅರ್ಥ್ ಸೈನ್ಸಸ್ ವಿಷಯದಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಪಡೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದರೆ 42,000. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಹಾಸ್ಟೆಲ್ ಸಿಗದಿದ್ದರೆ ಊರಿನ ದರ್ಜೆ ನೋಡಿ ಮನೆ ಬಾಡಿಗೆ ಭತ್ಯೆ ಬೇರೆ. ಫೆಲೋಶಿಪ್ ನಿಮ್ಮದಾದ್ದರಿಂದ ಗೈಡ್ ಆರಿಸುವಾಗ ನಿಮ್ಮ ಮಾತಿಗೆ ತೂಕ ಇರುತ್ತದೆ. ‘ನನ್ನ ಹತ್ತಿರ ಜೆಆರ್‌ಎಫ್ ಇದೆ’ ಎಂಬ ಒಂದು ಸಾಲು ಇಮೇಲಿನಲ್ಲಿ ಇದ್ದರೆ ಉತ್ತರ ಬೇಗ ಬರುತ್ತದೆ, ನೋಡಿ ಬೇಕಾದರೆ. ಇಲ್ಲಿ ಒಂದು ಎಚ್ಚರ. 2024ರಿಂದ ನೆಟ್ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತದೆ: ಜೆಆರ್‌ಎಫ್, ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ, ಬರೀ ಪಿಎಚ್‌ಡಿ ಪ್ರವೇಶ. ದುಡ್ಡು ಇರುವುದು ಮೊದಲನೆಯದಕ್ಕೆ ಮಾತ್ರ. ‘ನೆಟ್ ಪಾಸಾಯ್ತು’ ಅಂತ ಮನೆಯಲ್ಲಿ ಪೇಡೆ ಹಂಚಿ, ಆಮೇಲೆ ಫೆಲೋಶಿಪ್ ಇಲ್ಲ ಅಂತ ಗೊತ್ತಾಗಿ ಪೆಚ್ಚಾದವರನ್ನು ನೋಡಿದ್ದೀನಿ.

ಎರಡನೆಯದು ಸಂಸ್ಥೆಯ ದುಡ್ಡು. ಐಐಟಿ, ಎನ್‌ಐಟಿಗಳು ತಮ್ಮ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಹೆಚ್ಚುಕಡಿಮೆ ಇಷ್ಟೇ ಕೊಡುತ್ತವೆ. ಅದಕ್ಕೆ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಸ್ಕೋರ್ ಬೇಕಾಗಬಹುದು. ನಿಮಗೆ ಜಿಯಾಲಜಿ ಅಂಡ್ ಜಿಯೋಫಿಸಿಕ್ಸ್ ಪೇಪರ್ ಇದೆ, ಒಮ್ಮೆ ಬರೆದರೆ ಮೂರು ವರ್ಷ ನಡೆಯುತ್ತದೆ. ಬದಲಿಗೆ ವಾರಕ್ಕೆ ಒಂದಷ್ಟು ಗಂಟೆ ಬಿ.ಟೆಕ್. ಮಕ್ಕಳ ಲ್ಯಾಬ್ ನೋಡಿಕೊಳ್ಳಬೇಕು. ಸೆಮಿಸ್ಟರ್ ಫೀ ಈ ದುಡ್ಡಿನಿಂದಲೇ ಕಟ್ಟಬೇಕು, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಗೈಡ್‌ಗೆ ನಿಮ್ಮಿಂದ ಖರ್ಚಿಲ್ಲ, ಹಾಗಾಗಿ ವಿಷಯದಲ್ಲಿ ಸ್ವಲ್ಪ ಸ್ವಾತಂತ್ರ್ಯ ಇರುತ್ತದೆ.

ಮೂರನೆಯದು ಪ್ರಾಜೆಕ್ಟ್ ದುಡ್ಡು. ನಮ್ಮ ಹುಡುಗರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಪ್ರೊಫೆಸರ್ ಯಾವುದೋ ಇಲಾಖೆಯಿಂದ ಮೂರು ವರ್ಷದ ಪ್ರಾಜೆಕ್ಟ್ ತಂದಿರುತ್ತಾರೆ, ‘ಜೆಆರ್‌ಎಫ್ ಬೇಕಾಗಿದ್ದಾರೆ’ ಅಂತ ಜಾಹೀರಾತು ಬರುತ್ತದೆ. ಸೇರಿಕೊಂಡರೆ ಪಿಎಚ್‌ಡಿ ಶುರುವಾಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಕೆಲಸ. ಪಿಎಚ್‌ಡಿ ನೋಂದಣಿ ಬೇರೆ, ಅದರ ಪರೀಕ್ಷೆ, ಇಂಟರ್‌ವ್ಯೂ ಬೇರೆ. ಎಷ್ಟೋ ಸಲ ನೋಂದಣಿ ಆಗುವ ಹೊತ್ತಿಗೆ ಪ್ರಾಜೆಕ್ಟಿನ ಒಂದು ವರ್ಷ ಕಳೆದಿರುತ್ತದೆ. ಪಿಎಚ್‌ಡಿಗೆ ನಾಲ್ಕೈದು ವರ್ಷ ಬೇಕು, ಉಳಿದದ್ದು ಎರಡು ವರ್ಷದ ದುಡ್ಡು. ಮಿಕ್ಕ ವರ್ಷ ಏನು ಮಾಡ್ತೀರಿ? ಈ ಪ್ರಶ್ನೆಯನ್ನು ಸೇರುವ ಮೊದಲೇ, ಸಂಕೋಚ ಬಿಟ್ಟು, ಗೈಡ್‌ಗೆ ಕೇಳಿ. ಒಳ್ಳೆಯ ಗೈಡ್ ಆದರೆ ‘ಪ್ರಾಜೆಕ್ಟ್ ಮುಗಿದ ಮೇಲೆ ಸಂಸ್ಥೆಯ ಫೆಲೋಶಿಪ್‌ಗೆ ಹಾಕಿಸ್ತೀನಿ’ ಅಂತ ನೇರವಾಗಿ ಹೇಳ್ತಾರೆ. ‘ನೋಡೋಣ’ ಅಂದರೆ ನೀವೂ ಬೇರೆ ಕಡೆ ನೋಡಿ.

ನಾಲ್ಕನೆಯದು ಕಂಪನಿ ದುಡ್ಡು. ಅದಿರು ಅವರದು, ಸಮಸ್ಯೆ ಅವರದು. ಪ್ಲಾಂಟಿನೊಳಗೆ ಓಡಾಡಲು ಸಿಗುತ್ತದೆ, ಅದು ಭಾಗ್ಯವೇ. ಆದರೆ ಅಂಕಿ ಅಂಶ ಪ್ರಕಟಿಸುವ ಮೊದಲು ಅವರ ಒಪ್ಪಿಗೆ ಬೇಕು. ಥೀಸಿಸ್ ಕೊಡುವ ಮುಂಚೆ ಪೇಪರ್ ಬೇಕು ಅನ್ನುವ ಕಡೆ ಈ ಒಪ್ಪಿಗೆಗಾಗಿ ಆರಾರು ತಿಂಗಳು ಕಾದವರಿದ್ದಾರೆ. ಒಪ್ಪಂದದಲ್ಲಿ ಪ್ರಕಟಣೆ ಬಗ್ಗೆ ಏನಿದೆ ಎಂದು ಓದಿ ಸಹಿ ಮಾಡಿ.

ಇವಲ್ಲದೆ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ರಾಜ್ಯದ ವಿಜ್ಞಾನ ತಂತ್ರಜ್ಞಾನ ಇಲಾಖೆ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುವವರಿಗೆ ಕೊಡುವ ಫೆಲೋಶಿಪ್ ಇದೆ. ನಿಮಗೆ ಯಾವುದು ಅನ್ವಯಿಸುತ್ತದೋ ನೋಡಿಕೊಳ್ಳಿ.

ದುಡ್ಡಿನ ಬಗ್ಗೆ ಕೊನೆಯ ಮಾತು. ಯಾವ ಫೆಲೋಶಿಪ್ಪೂ ಒಂದನೇ ತಾರೀಖಿಗೆ ಬರುತ್ತದೆ ಅಂತ ಅಂದುಕೊಳ್ಳಬೇಡಿ. ನನಗೆ ಒಮ್ಮೆ ಐದು ತಿಂಗಳು ಬರಲಿಲ್ಲ. ಮೆಸ್ಸಿನ ಸಾಲ ಎಷ್ಟು ಬೆಳೆಯಿತು ಅಂದರೆ ಬಡಿಸುವವನೇ ನನ್ನನ್ನು ‘ಡಾಕ್ಟರೇ’ ಅಂತ ಕರೆಯಲು ಶುರು ಮಾಡಿದ್ದ, ಬೇಗ ಮುಗಿಸಿ ಸಾಲ ತೀರಿಸಲಿ ಅಂತ. ಆಮೇಲೆ ಎಲ್ಲ ಒಟ್ಟಿಗೆ ಬಂತು, ಅದು ಬೇರೆ. ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡು ಹೋಗಿ. ಮನೆಯಲ್ಲೂ ಇದನ್ನು ಮೊದಲೇ ಹೇಳಿಬಿಡಿ.

‘ಎಂಜಿನಿಯರಿಂಗ್ ಓದಿಲ್ಲ’ ಅಂದಿದ್ದೀರಿ. ಅದು ಕೊರತೆ ಹೌದು, ಸುಳ್ಳು ಹೇಳುವುದಿಲ್ಲ. ಪಂಪು, ಸೈಕ್ಲೋನು (ನೀರು ಸುತ್ತಿಸಿ ಕಣ ಬೇರೆ ಮಾಡುವ ಸಾಧನ), ಗ್ರೈಂಡಿಂಗ್ ಲೆಕ್ಕ, ನೀರಿನ ಹರಿವು, ಇವನ್ನು ನೀವು ಕೂತು ಕಲಿಯಬೇಕು. ಕೆಲವು ಎಂಜಿನಿಯರಿಂಗ್ ವಿಭಾಗಗಳು ಎಂ.ಎಸ್ಸಿ.ಯವರನ್ನು ತೆಗೆದುಕೊಳ್ಳುತ್ತವೆ, ಕೆಲವು ಇಲ್ಲ. ಪ್ರತಿ ಜಾಹೀರಾತಿನಲ್ಲೂ ಅರ್ಹತೆಯ ಸಾಲು ಮೊದಲು ಓದಿ. ಆದರೆ ನಿಮ್ಮ ಹತ್ತಿರ ಇರುವುದು ಎಂಜಿನಿಯರ್‌ಗಳ ಹತ್ತಿರ ಇರುವುದಿಲ್ಲ. ನಿಮಗೆ ಕಲ್ಲು ಓದಲು ಬರುತ್ತದೆ.

ಸಂಡೂರಿನ ಪಟ್ಟೆ ಕಲ್ಲು, ಬಿಎಚ್‌ಜೆ (ಬ್ಯಾಂಡೆಡ್ ಹೆಮಟೈಟ್ ಜಾಸ್ಪರ್), ಕೈಯಲ್ಲಿ ಹಿಡಿದಿದ್ದೀರಲ್ವಾ? ಒಂದು ಪಟ್ಟೆ ಕೆಂಪು, ಅದು ಜಾಸ್ಪರ್ ಎಂಬ ಕ್ವಾರ್ಟ್ಜ್ ಕಲ್ಲು; ಒಂದು ಪಟ್ಟೆ ಉಕ್ಕಿನ ಬೂದು, ಅದು ಹೆಮಟೈಟ್. ನೋಡಿದ ಎಂಜಿನಿಯರ್ ಅಂದುಕೊಳ್ಳುತ್ತಾನೆ: ಪಟ್ಟೆ ಐದು ಮಿಲಿಮೀಟರ್ ದಪ್ಪ ಇದೆ, ಅಷ್ಟಕ್ಕೆ ಒಡೆದರೆ ಬೂದು ಬೇರೆ ಕೆಂಪು ಬೇರೆ, ಮುಗೀತು. ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಬೇರೆಯೇ ಕಾಣುತ್ತದೆ. ಜಾಸ್ಪರ್ ಕೆಂಪಗಿರುವುದೇ ಅದರೊಳಗೆ ಹೆಮಟೈಟ್‌ನ ದೂಳು ತುಂಬಿರುವುದರಿಂದ, ಎಷ್ಟು ಸಣ್ಣದು ಅಂದರೆ ಯಾವ ಮಿಲ್ಲಿನಲ್ಲೂ ಬಿಡಿಸಲಾಗದಷ್ಟು. ಬೂದು ಪಟ್ಟೆಯ ಒಳಗೂ ಕ್ವಾರ್ಟ್ಜ್ ಹರಳು ಅಡಗಿರುತ್ತವೆ. ಹಾಗಾದರೆ ಎಷ್ಟು ಸಣ್ಣಗೆ ಅರೆಯಬೇಕು? ಎಷ್ಟು ಅರೆದರೂ ಎಷ್ಟು ಬರುತ್ತದೆ, ಎಲ್ಲಿಗೆ ನಿಲ್ಲಿಸಬೇಕು? ಉತ್ತರ ಇರುವುದು ಕಲ್ಲಿನಲ್ಲಿ, ಮಿಷನ್ನಿನಲ್ಲಿ ಅಲ್ಲ. ಚಿನ್ನದಲ್ಲೂ ಹೀಗೇ. ಚಿನ್ನ ಪೈರೈಟ್ ಅಥವಾ ಆರ್ಸೆನೋಪೈರೈಟ್ ಹರಳಿನ ಒಳಗೆ ಸಿಕ್ಕಿಕೊಂಡಿದ್ದರೆ ಚಿನ್ನ ಕರಗಿಸುವ ಸಯನೈಡ್ ದ್ರಾವಣಕ್ಕೆ ಅದು ಮುಟ್ಟುವುದೇ ಇಲ್ಲ, ಎಷ್ಟು ದಿನ ನೆನೆಸಿಟ್ಟರೂ ಅಷ್ಟೇ. ಯಾವ ಹರಳಿನಲ್ಲಿ ಎಷ್ಟು ಚಿನ್ನ ಇದೆ ಅಂತ ಮೊದಲು ಹೇಳಬೇಕಾದವರು ನೀವು.

ಈ ಕೆಲಸಕ್ಕೆ ಪ್ರೊಸೆಸ್ ಮಿನರಾಲಜಿ ಅಂತ ಹೆಸರು. ಗಣಿಯ ನಕ್ಷೆಯನ್ನೂ ಪ್ಲಾಂಟನ್ನೂ ಜೋಡಿಸಿ ನೋಡಿದರೆ ಅದು ಜಿಯೋಮೆಟಲರ್ಜಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಸಾವಿರಾರು ಕಣಗಳನ್ನು ತಾನೇ ಎಣಿಸುವ ಕ್ಯೂಇಎಂಸ್ಕ್ಯಾನ್, ಎಂಎಲ್‌ಎ ಎಂಬ ಎರಡು ಯಂತ್ರಗಳೂ ಆಸ್ಟ್ರೇಲಿಯಾದಲ್ಲಿ ಹುಟ್ಟಿದವು. ಯಂತ್ರ ಎಣಿಸುತ್ತದೆ, ಏನು ಎಣಿಸಿದೆ ಅಂತ ಅರ್ಥ ಹೇಳಲು ಜಿಯಾಲಜಿ ಓದಿದವರೇ ಬೇಕು. ನಿಮ್ಮ ಅರ್ಜಿಯಲ್ಲಿ ಪ್ರೊಸೆಸ್ ಮಿನರಾಲಜಿ, ಜಿಯೋಮೆಟಲರ್ಜಿ ಎಂಬ ಎರಡು ಪದ ಇರಲಿ. ಸುಮ್ನೆ ‘ಮಿನರಲ್ ಪ್ರೊಸೆಸಿಂಗ್‌ನಲ್ಲಿ ಆಸಕ್ತಿ’ ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಎಲ್ಲಿ ಹೋಗಬೇಕು? ದೇಶದಲ್ಲಿ ಈ ವಿಷಯಕ್ಕೆ ನಾನು ಮೊದಲು ನೋಡುವುದು ಮೂರು ಊರು. ಧನಬಾದ್‌ನ ಐಐಟಿ-ಐಎಸ್‌ಎಂ, 1926ರಲ್ಲಿ ಶುರುವಾದದ್ದು, ಅಲ್ಲಿ ಫ್ಯುಯಲ್, ಮಿನರಲ್ಸ್ ಅಂಡ್ ಮೆಟಲರ್ಜಿಕಲ್ ಎಂಜಿನಿಯರಿಂಗ್ ಅಂತ ಇದಕ್ಕೇ ಮೀಸಲಾದ ವಿಭಾಗ ಇದೆ. ಭುವನೇಶ್ವರದ ಸಿಎಸ್‌ಐಆರ್-ಐಎಂಎಂಟಿ, ಜಮ್ಷೆಡ್‌ಪುರದ ಸಿಎಸ್‌ಐಆರ್-ಎನ್‌ಎಂಎಲ್. ಈ ಎರಡು ಲ್ಯಾಬ್‌ಗಳಲ್ಲಿ ಪಿಎಚ್‌ಡಿ ನೋಂದಣಿ ಎಸಿಎಸ್‌ಐಆರ್ ಎಂಬ ಅಕಾಡೆಮಿಯ ಮೂಲಕ. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಆಗಸ್ಟ್ ಪ್ರವೇಶಕ್ಕೆ ಅರ್ಜಿ ಕರೆಯುತ್ತಾರೆ. ಜೆಆರ್‌ಎಫ್ ಇರುವ ಎಂ.ಎಸ್ಸಿ.ಯವರಿಗೆ ಇದು ಒಳ್ಳೆಯ ದಾರಿ, ಏಕೆಂದರೆ ಅಲ್ಲಿ ಪೈಲಟ್ ಪ್ಲಾಂಟ್, ಅಂದರೆ ಪ್ರಯೋಗಕ್ಕೆಂದೇ ಇರುವ ಸಣ್ಣ ಪ್ಲಾಂಟ್, ಇದೆ. ಬೀಕರಿನಲ್ಲಿ ಗೆದ್ದದ್ದು ಟನ್ ಲೆಕ್ಕದಲ್ಲಿ ಸೋಲುವುದನ್ನು ಕಣ್ಣಾರೆ ನೋಡಬಹುದು. ಆ ಪಾಠ ಪುಸ್ತಕದಲ್ಲಿ ಸಿಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಐಐಎಸ್ಸಿಗೆ ಬ್ಯಾಕ್ಟೀರಿಯಾ ಬಳಸಿ ಅದಿರು ಸಂಸ್ಕರಿಸುವ ಕೆಲಸದಲ್ಲಿ ದೊಡ್ಡ ಹೆಸರಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೈನಿಂಗ್ ಮತ್ತು ಮೆಟಲರ್ಜಿ ಎರಡೂ ವಿಭಾಗಗಳಿವೆ. ಸಂಡೂರು ಹತ್ತಿರ ನಂದಿಹಳ್ಳಿಯಲ್ಲಿ ಬಳ್ಳಾರಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದೆ, ಅಲ್ಲಿ ಮಿನರಲ್ ಪ್ರೊಸೆಸಿಂಗ್ ವಿಭಾಗವೇ ಇದೆ, ಕಿಟಕಿ ತೆಗೆದರೆ ಅದಿರಿನ ಗುಡ್ಡ. ಮುಂಡರಗಿಯಿಂದ ದೂರವೇನಲ್ಲ, ಒಂದು ದಿನ ಹೋಗಿ ನೋಡಿ ಬನ್ನಿ. ಧಾರವಾಡದ ಐಐಟಿ ನಿಮ್ಮ ಬಾಗಿಲಲ್ಲೇ ಇದೆ. ಅಲ್ಲಿ ಮೆಟೀರಿಯಲ್ಸ್, ಕೆಮಿಕಲ್ ಕಡೆಯ ಅಧ್ಯಾಪಕರು ಏನು ಮಾಡುತ್ತಿದ್ದಾರೆ ಎಂದು ಒಂದು ಮಧ್ಯಾಹ್ನ ಕೂತು ನೋಡಿ. ಊರ ಹತ್ತಿರ ಅಂತ ಮಾತ್ರ ಆರಿಸಬೇಡಿ.

ಸಮಯ ಮಾತ್ರ ನಿಮ್ಮ ಪರವಾಗಿದೆ. 2023ರಲ್ಲಿ ಕೇಂದ್ರ ಸರ್ಕಾರ 30 ಖನಿಜಗಳನ್ನು ನಿರ್ಣಾಯಕ ಖನಿಜ ಅಂತ ಗುರುತಿಸಿತು. ಲಿಥಿಯಂ, ಕೋಬಾಲ್ಟ್, ಗ್ರಾಫೈಟ್, ವೆನೇಡಿಯಂ ಎಲ್ಲ ಅದರಲ್ಲಿವೆ. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. ಅದರಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಮೇಲೆ ಹೇಳಿದ ಧನಬಾದ್, ಭುವನೇಶ್ವರ, ಜಮ್ಷೆಡ್‌ಪುರ ಮೂರೂ ಇವೆ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿತು ಅಂತ ಪೇಪರಿನಲ್ಲಿ ದೊಡ್ಡದಾಗಿ ಬಂತು ನೆನಪಿದೆಯಾ? ಅಂದಾಜು 1,600 ಟನ್. ಲಿಥಿಯಂ ಲೆಕ್ಕದಲ್ಲಿ ಅದು ದೊಡ್ಡದೇನಲ್ಲ. ಕಲ್ಲಿನಲ್ಲಿ ಇದೆ ಅನ್ನುವುದಕ್ಕೂ ಕೈಗೆ ಬಂತು ಅನ್ನುವುದಕ್ಕೂ ನಡುವೆ ಇರುವುದೇ ನೀವು ಕಲಿಯಬೇಕೆಂದಿರುವ ವಿದ್ಯೆ.

ಹೊರದೇಶದ ಬಗ್ಗೆ ಚುಟುಕಾಗಿ ಹೇಳ್ತೀನಿ. ಆಸ್ಟ್ರೇಲಿಯಾದಲ್ಲಿ ಆರ್‌ಟಿಪಿ ಎಂಬ ಸರ್ಕಾರಿ ಸ್ಕಾಲರ್‌ಶಿಪ್ ಇದೆ. 2025ರಲ್ಲಿ ಅದರ ಮೂಲ ದರ ವರ್ಷಕ್ಕೆ 33,511 ಆಸ್ಟ್ರೇಲಿಯನ್ ಡಾಲರ್. ಫೀ ಮನ್ನಾ ಕೂಡ ಸೇರಿದೆಯಾ ಅಂತ ಪತ್ರದಲ್ಲಿ ನೋಡಿ, ಅದೇ ದೊಡ್ಡ ಮೊತ್ತ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜೆಕೆಎಂಆರ್‌ಸಿ, ನ್ಯೂಕಾಸಲ್, ಕರ್ಟಿನ್ ಇವು ಈ ವಿಷಯದ ದೊಡ್ಡ ಮನೆಗಳು. ಸ್ವೀಡನ್ನಿನ ಲುಲಿಯೊ, ಫಿನ್ಲೆಂಡಿನ ಔಲು ಕಡೆ ಪಿಎಚ್‌ಡಿ ಹುದ್ದೆಗೆ ನೌಕರಿಯ ಹಾಗೇ ಅರ್ಜಿ ಹಾಕಬೇಕು, ತಿಂಗಳ ಸಂಬಳ, ರಜೆ ಎಲ್ಲ ಇರುತ್ತದೆ. ಜರ್ಮನಿಯ ಫ್ರೈಬರ್ಗ್‌ನಲ್ಲಿ 1765ರಿಂದ ಗಣಿ ವಿದ್ಯೆ ಕಲಿಸುತ್ತಿದ್ದಾರೆ. ಯುರೋಪಿನ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳಿಗೆ ಯಾವ ದೇಶದವರೂ ಅರ್ಜಿ ಹಾಕಬಹುದು, ಮುಖ್ಯ ಷರತ್ತು ಇದು: ಕಳೆದ 36 ತಿಂಗಳಲ್ಲಿ, ಸೇರಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಧಾರವಾಡದಲ್ಲಿ ಕೂತ ನಿಮಗೆ ಅದು ಷರತ್ತೇ ಅಲ್ಲ. ಅಂದ ಹಾಗೆ ಪರ್ತ್‌ನಲ್ಲಿ ಕೂತ ಪ್ರೊಫೆಸರ್‌ಗೂ ಧಾರವಾಡ ಗೊತ್ತಿರುತ್ತದೆ. ಪೇಡೆಯಿಂದಲ್ಲ, ಧಾರವಾರ್ ಕ್ರೇಟಾನ್ ಎಂಬ ಬಹಳ ಹಳೆಯ ಕಲ್ಲಿನ ನೆಲದಿಂದ. ಅದನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಿ.

ಈಗ ಇಮೇಲ್. ‘ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಹಾರ್ಡ್‌ವರ್ಕಿಂಗ್’ ಅಂತ ಶುರುವಾಗುವ ಪತ್ರ ಯಾರೂ ಓದುವುದಿಲ್ಲ. ನಿಮ್ಮ ಪತ್ರದ ತಿರುಳು ಹೀಗಿರಲಿ: ‘ನೀವು ಸಣ್ಣ ಕಣಗಳ ಫ್ಲೋಟೇಶನ್ ಬಗ್ಗೆ ಬರೆದ ಲೇಖನ ಓದಿದೆ. ಅದರಲ್ಲಿ ಅದಿರಿನ ಒಳರಚನೆ ಬಗ್ಗೆ ಒಂದೇ ಪ್ಯಾರಾ ಇದೆ. ನನ್ನ ಎಂ.ಎಸ್ಸಿ. ಡಿಸರ್ಟೇಶನ್‌ನಲ್ಲಿ ಸಂಡೂರಿನ ಬಿಎಚ್‌ಜೆ ಪಾಲಿಶ್ಡ್ ಸೆಕ್ಷನ್‌ಗಳಲ್ಲಿ ಹೆಮಟೈಟ್ ಕಣದ ಗಾತ್ರ ಅಳೆದಿದ್ದೇನೆ. ಒಂದು ಚಿತ್ರ ಲಗತ್ತಿಸಿದ್ದೇನೆ. ನಿಮ್ಮಲ್ಲಿ ಈ ಬಗೆಯ ಕೆಲಸಕ್ಕೆ ಮುಂದಿನ ಪ್ರವೇಶದಲ್ಲಿ ಜಾಗ ಮತ್ತು ಫೆಲೋಶಿಪ್ ಇದೆಯೇ?’ ಇಷ್ಟೇ, ಎಂಟು ಹತ್ತು ಸಾಲು. ಓದದೇ ‘ಓದಿದೆ’ ಅಂತ ಬರೆಯಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಹತ್ತು ಜನಕ್ಕೆ ಬರೆದರೆ ಇಬ್ಬರು ಉತ್ತರಿಸಬಹುದು. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಮೂರನೇ ಸಲ ಬೇಡ.

ಇಂಟರ್‌ವ್ಯೂನಲ್ಲಿ ನೀವು ಏನೇನು ಓದಿದ್ದೀರಿ ಅನ್ನುವುದಕ್ಕಿಂತ ನಿಮ್ಮ ಕೈ ಎಷ್ಟು ನಂಬಿಕೆಯದು ಅಂತ ನೋಡುತ್ತಾರೆ. ನನ್ನದೇ ಕಥೆ ಕೇಳಿ. ಮೊದಲ ವರ್ಷ ಹೆಮಟೈಟ್ ಅದಿರು ತೊಳೆಯುವ ಪ್ರಯೋಗ ಮಾಡುತ್ತಿದ್ದೆ. ಮೂರು ತಿಂಗಳು ಕಷ್ಟಪಟ್ಟೆ. ಕೊನೆಗೆ ಕಬ್ಬಿಣದ ರಿಕವರಿ ಲೆಕ್ಕ ಹಾಕಿದರೆ 103% ಬಂತು! ಹಾಕಿದ್ದಕ್ಕಿಂತ ಜಾಸ್ತಿ ಕಬ್ಬಿಣ ಹೊರಗೆ ಬಂದಿದೆ. ಕೂಡಿಸುವುದರಲ್ಲಿ ತಪ್ಪಾಗಿದೆ ಅಂದುಕೊಂಡು ಎರಡು ರಾತ್ರಿ ಲೆಕ್ಕ ತಿದ್ದಿದೆ. ಗೈಡ್‌ಗೆ ತೋರಿಸಿದರೆ ಅವರು ಪುಸ್ತಕ ನೋಡಲೇ ಇಲ್ಲ. ‘ಹೆಡ್ ಸ್ಯಾಂಪಲ್ ಚೀಲದ ಯಾವ ಭಾಗದಿಂದ ತಗೊಂಡೆ?’ ಅಂದರು. ಹೆಡ್ ಸ್ಯಾಂಪಲ್ ಅಂದರೆ ತೊಳೆಯುವ ಮುಂಚೆ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಅಂತ ನೋಡಲು ತೆಗೆದ ಮಾದರಿ. ತಳದಿಂದ. ಸಣ್ಣಗಿದೆ, ಅರೆಯುವ ಕೆಲಸ ಉಳಿಯುತ್ತದೆ ಅಂತ. ಪ್ರಯೋಗಕ್ಕೆ ಮಾತ್ರ ಮೇಲಿನ ದಪ್ಪ ಮಾಲು ಬಳಸಿದ್ದೆ. ಲಾರಿಯಲ್ಲಿ ಅಲ್ಲಾಡಿಕೊಂಡು ಬಂದ ಚೀಲದಲ್ಲಿ ಪುಡಿ ತಳಕ್ಕೆ ಇಳಿದಿರುತ್ತದೆ, ಆ ಪುಡಿಯಲ್ಲಿ ಜೇಡಿ ಜಾಸ್ತಿ, ಕಬ್ಬಿಣ ಕಡಿಮೆ. ತಳ 52% ತೋರಿಸಿತ್ತು, ಮೇಲಿನದು ನಿಜಕ್ಕೂ 56% ಇತ್ತು. ಮೂರು ತಿಂಗಳ ಕೆಲಸ ಹೊಂಡಕ್ಕೆ. ಆಮೇಲೆ ಇಡೀ ಚೀಲ ಟಾರ್ಪಾಲಿನ ಮೇಲೆ ಸುರಿದು, ಗುಡ್ಡೆ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ತೆಗೆದುಕೊಂಡು, ಮತ್ತೆ ಗುಡ್ಡೆ ಮಾಡಿ ಮೊದಲಿಂದ ಶುರು ಮಾಡಿದೆ. ಈ ಕಥೆಯನ್ನು ನಾನು ಆಮೇಲೆ ಒಂದು ಇಂಟರ್‌ವ್ಯೂನಲ್ಲಿ ಹೇಳಿದೆ. ಆ ಜಾಗ ನನಗೆ ಸಿಕ್ಕಿತು. ನಿಮ್ಮಲ್ಲೂ ಇಂಥ ಒಂದು ತಪ್ಪು ಇದ್ದೇ ಇರುತ್ತದೆ, ಮುಚ್ಚಿಡಬೇಡಿ.

ಈ ಸೆಮಿಸ್ಟರ್ ಮುಗಿಯುವ ಮುಂಚೆ ಒಂದು ಕೆಲಸ ಮಾಡಿ. ಡಿಪಾರ್ಟ್‌ಮೆಂಟಿನಲ್ಲಿ ಯಾರದಾದರೂ ಫೀಲ್ಡ್ ಟ್ರಿಪ್ಪಿನ ಬಿಎಚ್‌ಜೆ ತುಂಡು ಮೂಲೆಯಲ್ಲಿ ಬಿದ್ದಿರುತ್ತದೆ. ಒಂದು ಚೂರು ಕತ್ತರಿಸಿ ಪಾಲಿಶ್ ಮಾಡಿ. ಇನ್ನೊಂದು ಚೂರನ್ನು ಖಲ್‌ನಲ್ಲಿ ಕುಟ್ಟಿ, ಜರಡಿ ಹಿಡಿದು, ಮೂರು ಗಾತ್ರದ ಪುಡಿಯನ್ನು ರೆಸಿನ್‌ನಲ್ಲಿ ಕೂರಿಸಿ ಪಾಲಿಶ್ ಮಾಡಿ. ಪ್ರತಿಯೊಂದರಲ್ಲೂ 500 ಕಣ ಎಣಿಸಿ: ಬಿಡಿ ಹೆಮಟೈಟ್ ಎಷ್ಟು, ಬಿಡಿ ಕ್ವಾರ್ಟ್ಜ್ ಎಷ್ಟು, ಇನ್ನೂ ಅಂಟಿಕೊಂಡಿರುವುದು ಎಷ್ಟು. ನಾಲ್ಕು ಸಂಜೆಯ ಕೆಲಸ, ಖರ್ಚು ರೆಸಿನ್‌ನದು ಮಾತ್ರ. ಇಮೇಲಿಗೆ ಲಗತ್ತಿಸಬೇಕಾದ್ದು ಆ ಎಣಿಕೆಯ ಪಟ್ಟಿ ಮತ್ತು ಒಂದು ಫೋಟೋ. ಫೋಟೋದಲ್ಲಿ ಸ್ಕೇಲ್ ಬಾರ್ (ಅಳತೆಯ ಗೆರೆ) ಹಾಕುವುದು ಮರೀಬೇಡಿ.